ಹತ್ತು ನಿಮಿಷದ ಸರದಿ

ಬೆಂಗಳೂರಿನಲ್ಲಿ ಹತ್ತು ಗಂಟೆಗೆ ಮೇಲ್ಮನೆಯ ಕಲಾಪ ಶುರುವಾದರೆ ದೋಹಾದ ಐನ್ ಖಾಲಿದ್‌ನಲ್ಲಿ ಆಗಿನ್ನೂ ಏಳೂವರೆ. ಅಷ್ಟರೊಳಗೆ ಲಲಿತಮ್ಮ ಸ್ನಾನ ಮುಗಿಸಿ, ಊಟದ ಮೇಜಿನ ಮೇಲೆ ಮಗಳ ಹಳೆಯ ಲ್ಯಾಪ್‌ಟಾಪ್ ತೆರೆದು, ಒಂದು ನೋಟ್‌ಬುಕ್ಕು, ಎರಡು ಪೆನ್ನು, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತುಬಿಡುತ್ತಿದ್ದರು. ನೇರಪ್ರಸಾರದಲ್ಲಿ ಸಭಾಪತಿಗಳು ಬಂದು ಕೈಮುಗಿದು ಕೂತರೆಂದರೆ ಇವರ ಪೆನ್ನು ಹೊರಟಿತು. ಯಾರೂ ಬರೆಯಿರಿ ಎಂದಿರಲಿಲ್ಲ. ಬರೆದದ್ದನ್ನು ಯಾರೂ ಓದುತ್ತಲೂ ಇರಲಿಲ್ಲ. ಆ ಸದನದಲ್ಲಿ ಆಡಿದ ಮಾತನ್ನೆಲ್ಲ ಬರೆದುಕೊಳ್ಳುವ ವರದಿಗಾರ್ತಿಯಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಿಯಾಗಿ ಆರು ವರ್ಷವಾಗಿತ್ತು. ಕೈಗೆ ಮಾತ್ರ ನಿವೃತ್ತಿಯ ಆದೇಶ ತಲುಪಿದ ಹಾಗಿರಲಿಲ್ಲ.

ಮೇಲ್ಮನೆಯ ದಿನಚರಿ ಮದುವೆಮನೆಯ ಹಾಗೆ. ಯಾವುದಾದ ಮೇಲೆ ಯಾವುದು ಎಂದು ಎಲ್ಲರಿಗೂ ಗೊತ್ತು, ಆದರೂ ಗಲಾಟೆಗೆ ಕಡಿಮೆಯಿಲ್ಲ. ಮೊದಲು ಪ್ರಶ್ನೋತ್ತರ, ಆಮೇಲೆ ಶೂನ್ಯವೇಳೆ, ಆಮೇಲೆ ಕೆಳಮನೆಯಿಂದ ಬಂದ ಮಸೂದೆಗಳು. ಒಪ್ಪುವವರು ಹೌದು ಎನ್ನಿ, ಒಪ್ಪದವರು ಇಲ್ಲ ಎನ್ನಿ, ಹೌದು ಎಂದವರು ಗೆದ್ದರು. ಯಾರಾದರೂ ಹಕ್ಕುಚ್ಯುತಿಯ ದೂರು ತಂದರೆ ಮಾತ್ರ ಅದೇ ಸದನ ಕೋರ್ಟಾಗುತ್ತದೆ. ಸಭಾಪತಿಗಳೇ ಜಡ್ಜು, ಅವರ ರೂಲಿಂಗೇ ತೀರ್ಪು. ಇಷ್ಟನ್ನೂ ಲಲಿತಮ್ಮ ಶೀಘ್ರಲಿಪಿಯ ಗೀಟು ಚುಕ್ಕೆಗಳಲ್ಲಿ ಬರೆದಿದ್ದರು. ಆದರೆ ಒಂದೇ ಒಂದು ಭಾಷಣವನ್ನೂ ಪೂರ್ತಿ ಕೇಳಿದವರಲ್ಲ. ಅಲ್ಲಿ ಒಬ್ಬ ವರದಿಗಾರರಿಗೆ ಹತ್ತು ನಿಮಿಷದ ಸರದಿ. ಹತ್ತನೆಯ ನಿಮಿಷಕ್ಕೆ ಮುಂದಿನವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಮಂತ್ರಿಯ ಮಾತು ವಾಕ್ಯದ ನಡುವೆ ಇದ್ದರೂ ಸರಿ, ಇವರು ಅಡ್ಡಗೆರೆ ಎಳೆದು, ತಮ್ಮ ಇನಿಷಿಯಲ್ ಹಾಕಿ, ಸದ್ದಿಲ್ಲದೆ ಎದ್ದು ಹೋಗಬೇಕು. ಕೆಲಸಕ್ಕೆ ಸೇರಿದ ವಾರ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು: “ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಮ್ಮ, ಹಿಂದೆ ಬೀಳ್ತೀಯ. ಕೈ ಕೇಳಿಸ್ಕೊಳ್ಳಲಿ, ತಲೆ ಸುಮ್ನಿರಲಿ.” ತಲೆ ಸುಮ್ಮನಿರುವುದನ್ನು ಲಲಿತಮ್ಮ ಎಷ್ಟು ಚೆನ್ನಾಗಿ ಕಲಿತರೆಂದರೆ, ಅದೇ ಅವರಿಗೆ ಮುಳುವಾಯಿತು.

ಫೆಬ್ರವರಿಯಲ್ಲಿ ಅವರ ಯಜಮಾನರು ಗೋಪಿನಾಥ್ ದೋಹಾದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದಾಗ ಹೃದಯ ಕೈಕೊಟ್ಟಿತು. ಎರಡನೆಯ ದಿನ ಮಧ್ಯಾಹ್ನ ಸ್ವಲ್ಪ ಗೆಲುವಾಗಿ, ಹೆಂಡತಿಯನ್ನು ಹತ್ತಿರ ಕರೆದು ಮಾತಾಡಲು ಶುರುಮಾಡಿದರು. ಡಾಕ್ಟರು ಹೇಳುವುದನ್ನು ಬರೆದುಕೊಳ್ಳಲೆಂದು ಲಲಿತಮ್ಮನ ತೊಡೆಯ ಮೇಲೆ ನೋಟ್‌ಬುಕ್ ಇತ್ತು. ಗಂಡನ ಬಾಯಿ ತೆರೆಯಿತು, ಇವರ ಕೈ ಹೊರಟಿತು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಮೂರು ನಲವತ್ತಕ್ಕೆ ಅಡ್ಡಗೆರೆ ಎಳೆದು, ಇನಿಷಿಯಲ್ ಹಾಕಿ, ಎದ್ದು ಹೊರಗೆ ನಡೆದುಬಿಟ್ಟರು.

ಹೌದು, ನಡೆದುಬಿಟ್ಟರು. ಕುರ್ಚಿಗೆ ಮುಂದಿನವರು ಬಂದಿರುತ್ತಾರೆ ಎಂದು ಮೈಗೆ ಅಭ್ಯಾಸ. ಕಾರಿಡಾರಿನ ಕೊನೆಯಲ್ಲಿ ಟೀ ಮೆಷಿನ್ನಿನ ಎದುರು ನಿಂತು, ಪೇಪರ್ ಲೋಟ ತುಂಬುವುದನ್ನು ನೋಡುತ್ತಿದ್ದಾಗ ತಾವೆಲ್ಲಿದ್ದೇವೆ ಎಂಬುದು ಹೊಳೆಯಿತು. ಓಡಿ ಬಂದಾಗ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಮಗಳು ಸಂಜನಾ ಆಫೀಸಿನಿಂದ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. “ನೀರು ಕುಡಿಯೋಕ್ಕೆ ಅಂತ ಎದ್ದಿದ್ದೆ” ಎಂದರು ಲಲಿತಮ್ಮ. ಅಪ್ಪ ಏನಾದರೂ ಹೇಳಿದರಾ ಎಂದು ಅವಳು ಕೇಳಿದಾಗ “ಏನೂ ಇಲ್ಲ” ಎಂದರು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಏನು ಹೇಳಿದರೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅದು ಕೈಗೆ ಗೊತ್ತಿತ್ತು, ನೋಟ್‌ಬುಕ್ಕಿಗೆ ಗೊತ್ತಿತ್ತು. ಕಳಕೊಂಡದ್ದು ಮೂರು ನಲವತ್ತರ ಆಚೆ, ತಾವು ಎದ್ದುಹೋದ ಮೇಲೆ ಅವರು ಆಡಿರಬಹುದಾದ ಮಾತು ಎಂದು ಮನಸ್ಸಿನಲ್ಲಿ ಹಾಕಿಕೊಂಡು, ಬೀರುವಿನ ಸೀರೆಗಳ ಕೆಳಗೆ ಪುಸ್ತಕ ತಳ್ಳಿದರು. ಮೈಸೂರಿಗೆ ಹೋಗಿ ಕರ್ಮ ಮುಗಿಸಿದರು. ಮಗಳು ಕರೆದಳೆಂದು ಪುನಃ ಬಂದರು. ಅಳು ಬರಲಿಲ್ಲ. ಅನ್ನಕ್ಕೆ ರುಚಿ ಇರಲಿಲ್ಲ, ಹಸಿವೂ ಇರಲಿಲ್ಲ. ಎಸಿಯ ಸದ್ದು, ಹೊರಗಿನ ಬಿಸಿಲು, ಮಸೀದಿಯ ಬಾಂಗು, ಎಲ್ಲವೂ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದಂತೆ ಅನಿಸುತ್ತಿತ್ತು. ಜುಲೈನಲ್ಲಿ ಅಧಿವೇಶನ ಶುರುವಾದ ಮೇಲೆ ಬೆಳಿಗ್ಗೆ ಏಳೂವರೆಗೆ ಕೂರಲು ಒಂದು ಜಾಗ ಸಿಕ್ಕಿತು, ಅಷ್ಟೆ.

ವಿಷಯ ಒಡೆದದ್ದು ಫ್ಲೇವಿಯಾಳಿಂದ. ಆ ಮಧ್ಯಾಹ್ನ ಗೋಪಿನಾಥರ ವಾರ್ಡಿನಲ್ಲಿದ್ದ ನರ್ಸು, ಉಡುಪಿ ಕಡೆಯವಳು. ಗುರುವಾರ ಸಂಜೆ ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಸಂಜನಾಗೆ ಸಿಕ್ಕಿ, ಕುಶಲ ವಿಚಾರಿಸುತ್ತಾ ಹೇಳಿಯೇಬಿಟ್ಟಳು: “ನಿಮ್ಮ ಅಮ್ಮನಿಗೆ ಎಂತ ಧೈರ್ಯ ಮಾರಾಯ್ರೆ! ಅಂಕಲ್ ಅಷ್ಟು ಮಾತಾಡ್ತಾ ಇದ್ರು, ಆಂಟಿ ತಲೆ ಎತ್ತದೆ ಬರೀತಾನೇ ಇದ್ರು.” ಸಂಜನಾ ಆ ಮಾತನ್ನು ರಾತ್ರಿಯೆಲ್ಲ ನುಂಗಿಕೊಂಡಳು.

ಮರುದಿನ ಶುಕ್ರವಾರ, ಅವಳಿಗೆ ರಜೆ. ಅಳಿಯ ವಿನಯ್ ಇನ್ನೂ ಮಲಗಿದ್ದ. ಲಲಿತಮ್ಮ ಮಾಮೂಲಿನಂತೆ ಬರೆಯುತ್ತಿದ್ದರು. ಸಂಜನಾ ಎದುರಿನ ಕುರ್ಚಿಯಲ್ಲಿ ದೋಸೆಯ ತಟ್ಟೆ ಇಟ್ಟುಕೊಂಡು, ಒಂದು ತುಂಡನ್ನೂ ಮುರಿಯದೆ ಕೂತಿದ್ದಳು.

ಅವತ್ತು ಸದನ ಕೋರ್ಟಾಗಿತ್ತು. ಒಬ್ಬ ಸದಸ್ಯರು ಹಿಂದಿನ ದಿನ ಆಡಿದ್ದರೆನ್ನಲಾದ ಮಾತಿನ ಮೇಲೆ ಹಕ್ಕುಚ್ಯುತಿ ಎದ್ದಿತ್ತು. ನಾನು ಹಾಗೆ ಅಂದೇ ಇಲ್ಲ, ವರದಿಯವರು ಏನೋ ಬರೆದುಕೊಂಡಿದ್ದಾರೆ ಎಂದು ಅವರು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಸಭಾಪತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಅಂದ್ರೋ ಇಲ್ವೋ ನನಗೂ ನೆನಪಿಲ್ಲ, ನಿಮಗೂ ನೆನಪಿಲ್ಲ. ವರದಿಗಾರರ ಮೂಲ ಪುಸ್ತಕ ತರಿಸಿ. ಅದನ್ನ ಓದಲಿ. ಅಲ್ಲೀವರೆಗೆ ಎಲ್ಲರೂ ಕೂತ್ಕೊಳ್ಳಿ.”

ಲಲಿತಮ್ಮನ ಕೈ ಅದನ್ನೂ ಬರೆದುಕೊಂಡಿತು.

“ಅಮ್ಮ” ಎಂದಳು ಸಂಜನಾ. “ನಿನ್ನ ಪುಸ್ತಕಾನೂ ತಾ.”

“ಯಾವ ಪುಸ್ತಕ?”

“ಆಸ್ಪತ್ರೇದು. ಫ್ಲೇವಿಯಾ ಹೇಳಿದ್ಲು. ಏನೂ ಹೇಳ್ಲಿಲ್ಲ ಅಂದ್ಯಲ್ಲಮ್ಮ ನಂಗೆ! ಐದು ತಿಂಗಳು ನಾನು ಏನೇನೋ ಅಂದ್ಕೊಂಡಿದೀನಿ ಗೊತ್ತಾ? ನಾನು ಲೇಟಾಗಿ ಬಂದೆ ಅಂತ ಅಪ್ಪ ಬೇಜಾರ್ ಮಾಡ್ಕೊಂಡೇ ಹೋದ್ರು ಅಂತ.”

“ಹಳೇದಾಗಿದೆ ಕಣೆ. ಅವತ್ತಿಂದವತ್ತೇ ಬಿಡಿಸಿ ಬರೀದಿದ್ರೆ ತಣ್ಣಗಾಗೋಗತ್ತೆ. ಬರೆದವರಿಗೇ ಓದೋಕಾಗಲ್ಲ.”

“ನಿಂಗಾಗತ್ತೆ. ತಾ.”

ಆಗುತ್ತಿತ್ತು. ಹೆದರಿದ್ದು ಅದಕ್ಕೇ. ಲಲಿತಮ್ಮ ಎದ್ದು ಹೋಗಿ ಸೀರೆಗಳ ಕೆಳಗಿನಿಂದ ಪುಸ್ತಕ ತಂದರು. ಬರಿದೇ ಓದಿ ಅವರಿಗೆ ಅಭ್ಯಾಸವಿಲ್ಲ, ಓದುತ್ತಾ ಮಾಮೂಲಿ ಅಕ್ಷರದಲ್ಲಿ ಬಿಡಿಸಿ ಬರೆದೇ ಅಭ್ಯಾಸ. ಹಾಗಾಗಿ ಎಡಗೈಯಲ್ಲಿ ಹಳೆಯ ಪುಸ್ತಕ, ಬಲಗೈಯಲ್ಲಿ ಪೆನ್ನು, ಎದುರಿಗೆ ಬಿಳಿ ಹಾಳೆ. ಸದನದಲ್ಲಿ ಮೂಲ ಓದುವಾಗ ಹೇಗೆ ಓದಬೇಕೋ ಹಾಗೇ ಓದತೊಡಗಿದರು. ಏರಿಲ್ಲ, ಇಳಿತವಿಲ್ಲ, ಯಾರದೋ ಮಾತು ಯಾರಿಗೋ ಓದಿದಂತೆ.

“‘ಮೈಸೂರ್ ಮನೆ ಸಂಪಿನ ವಾಲ್ವ್ ಗಟ್ಟಿ ತಿರುಗಿಸಿಲ್ಲ ನಾನು, ಪಕ್ಕದ ಮನೆ ಗಿರಿಜಾಗೆ ಫೋನ್ ಮಾಡು. ಈ ಊರಲ್ಲಿ ದೋಸೆ ಹಿಟ್ಟು ಬೇಗ ಹುಳಿ ಬರತ್ತೆ, ರಾತ್ರಿ ಪೂರ್ತಿ ಹೊರಗಿಡ್ಬೇಡ. ಸಂಜನಾ ಬರೋದು ತಡ ಆಗತ್ತೆ, ರೋಡೆಲ್ಲ ಜಾಮ್ ಇರತ್ತೆ ಈ ಹೊತ್ತಲ್ಲಿ. ನಿಮ್ಮಪ್ಪ ಕಾಯ್ತಿದ್ರು ಅಂತ ಅವಳಿಗೆ ಹೇಳ್ಬೇಡ. ನಿದ್ದೆ ಮಾಡ್ತಿದ್ರು ಅನ್ನು. ಅವಳು ಚಿಕ್ಕೋಳಿದ್ದಾಗಿಂದ ಸುಮ್ಸುಮ್ನೆ ತಪ್ಪು ಮೈಮೇಲೆ ಹಾಕ್ಕೊಳ್ತಾಳೆ.’”

ಸಂಜನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಲಲಿತಮ್ಮ ನಿಲ್ಲಿಸಲಿಲ್ಲ. ನಿಲ್ಲಿಸುವುದು ಅವರಿಗೆ ಗೊತ್ತಿರಲಿಲ್ಲ. ಹಾಳೆ ತಿರುವಿ, ಬರೆಯುತ್ತಾ ಓದುತ್ತಾ ಮುಂದಕ್ಕೆ ಹೋದರು. ಮೈಸೂರಿನ ತರಕಾರಿಯವನ ಸುದ್ದಿ, ಅತ್ತಿಗೆಯ ಮೊಣಕಾಲಿನ ಸುದ್ದಿ, ಮದುವೆಯಾದ ವರ್ಷ ರೈಲಿನಲ್ಲಿ ಬಿಟ್ಟುಬಂದ ಕೊಡೆಯ ಸುದ್ದಿ. ಕೊನೆಯ ಪುಟಕ್ಕೆ ಬಂದರು.

“‘ಲಲಿತಾ, ಬರ್ಕೋತಿದೀಯಾ? ಇದನ್ನೆಲ್ಲ ಯಾಕೆ ಬರ್ಕೋತೀಯ? ಪೆನ್ನು ಕೆಳಗಿಡು. ನಂಗೆ ಯಾಕೋ ಭಯ ಆಗ್ತಿದೆ. ಪೆನ್ನು ಕೆಳಗಿಡು ಅಂದೆ. ಒಂದು ಸಲ ಇತ್ತ ತಿರುಗಿ ನನ್ನ ಮುಖ ನೋಡು.’ ಅಡ್ಡಗೆರೆ. ಲ. ಗೋ. ಮೂರು ನಲವತ್ತು.”

ಅಡ್ಡಗೆರೆಯನ್ನೂ ಗಂಟೆಯನ್ನೂ ಸೇರಿಸಿ ಓದಿದರು. ನಿಯಮವೇ ಹಾಗೆ. ಓದಿ ಮುಗಿಸಿ, ಬಿಡಿಸಿ ಬರೆದ ಬಿಳಿ ಹಾಳೆಯ ಮೇಲೆ ಕಣ್ಣಾಡಿಸಿದಾಗ, ತಮ್ಮದೇ ದುಂಡನೆಯ ಅಕ್ಷರದಲ್ಲಿ ಆ ಕೊನೆಯ ವಾಕ್ಯ ಕಂಡಿತು. ಆಗ ಅದು ಅವರಿಗೆ ಮೊದಲ ಸಲ ಕೇಳಿಸಿತು. ಐದು ತಿಂಗಳು ಅವರು ಹುಡುಕುತ್ತಿದ್ದ ಮಾತು ಎದ್ದುಹೋದ ಮೇಲೆ ಆಡಿದ್ದಲ್ಲ. ಪಕ್ಕದಲ್ಲಿ ಕೂತಿದ್ದಾಗಲೇ ಅವರ ಕಿವಿಗೆ ಬಿದ್ದು, ಕೈಗಿಳಿದು, ಕಾಗದ ಸೇರಿತ್ತು. ಒಂದಕ್ಷರ ತಪ್ಪಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಸದನದ ಪುಸ್ತಕವೂ ಬಂದಿತ್ತು. ಅಧಿಕಾರಿಯೊಬ್ಬರು ಓದಿದರು. ಎದೆ ತಟ್ಟಿಕೊಂಡಿದ್ದ ಸದಸ್ಯರು ವಿಷಾದ ವ್ಯಕ್ತಪಡಿಸಿ ಕೂತರು. ವಿಷಯ ಇಲ್ಲಿಗೆ ಮುಕ್ತಾಯ ಎಂದರು ಸಭಾಪತಿಗಳು. ಮಸೂದೆ ಕೈಗೆತ್ತಿಕೊಂಡರು.

ಸಂಜನಾ ಕಣ್ಣೊರೆಸಿಕೊಂಡು ಅಮ್ಮನ ಪಕ್ಕಕ್ಕೆ ಬಂದಳು. ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. “ನೋಡಿದ್ಯಾ ಅಮ್ಮ, ಅಪ್ಪನ್ನ?”

“ಇಲ್ಲ ಕಣೆ” ಎಂದರು ಲಲಿತಮ್ಮ. “ಟೈಮಾಗಿತ್ತು. ಎದ್ದೆ.”

ಅವರ ದನಿ ಓದುವಾಗ ಇದ್ದಂತೆಯೇ ಇತ್ತು. ಕಣ್ಣಲ್ಲಿ ನೀರಿರಲಿಲ್ಲ. ಬಲಗೈ ಮಾತ್ರ ಹಾಳೆಯ ಮೇಲೆ ಮುಂದಿನ ಮಾತಿಗೆ ಕಾಯುತ್ತಾ ಹಾಗೇ ನಿಂತಿತ್ತು. ಸಂಜನಾ ಬಗ್ಗಿ, ಆ ಬೆರಳುಗಳಿಂದ ಪೆನ್ನು ಬಿಡಿಸಲು ನೋಡಿದಳು. ಬೆರಳು ಬಿಡಲಿಲ್ಲ. ಒಂದೊಂದಾಗಿ ಬಿಡಿಸಬೇಕಾಯಿತು.