ಅತ್ತೆಯನ್ನು ಹೊತ್ತ ಸವತಿ

ಅತ್ತೆ ಬದುಕಿದ್ದಷ್ಟು ಕಾಲ ಮಾವನ ಹಳೇ ಮೋಟಾರು ದೋಣಿಯನ್ನು ಸವತಿ ಅಂತಲೇ ಕರೆದರು. ತಪ್ಪಿಯೂ ಅದರೊಳಗೆ ಕಾಲಿಡಲಿಲ್ಲ. ಅಂಥವರು ಕೊನೆಗಾಲದಲ್ಲಿ ಸೊಸೆಯನ್ನು ಹತ್ತಿರ ಕರೆದು, "ನನ್ನ ಬೂದಿನ ಸರೋವರದ ನಡುಮಧ್ಯ ಬಿಡಿ. ಆ ಸವತಿ ಒಂದ್ಸಲವಾದ್ರೂ ನನ್ನ ಹೊರಲಿ," ಎಂದಿದ್ದರು.

ಸವತಿಗೆ ಹೊರುವ ಮನಸ್ಸಿರಲಿಲ್ಲ. ಮಾವ ಗೇರಿನ ಹಿಡಿಯನ್ನು ಮುಂದಕ್ಕೆ ತಳ್ಳಿದಾಗ ದೋಣಿ ಹೊರಟಿತೇನೋ ನಿಜ. ನ್ಯೂಟ್ರಲ್ಲಿಗೆ ಎಳೆದರೆ ಹಿಡಿ ಜಪ್ಪಯ್ಯ ಅಂದರೂ ಬರಲಿಲ್ಲ. ದೋಣಿ ಒಂದು ಸುತ್ತು ಹೊಡೆದು ಬಂದು ದಡದ ಕಟ್ಟೆಗೇ ಗುದ್ದಿತು. ಬೂದಿಯ ಸ್ಟೀಲ್ ಡಬ್ಬಿ ಸೀಟಿನಿಂದ ಉರುಳಿ ಮಾವನ ಪಾದದ ಬಳಿ ಬಂದು ನಿಂತಿತು.

"ಬದುಕಿದ್ದಾಗ ಒಂದಿನವೂ ಕಾಲಿಗೆ ಬಿದ್ದವಳಲ್ಲ," ಅಂದರು ಮಾವ, ಇಂಜಿನ್ ಆರಿಸುತ್ತಾ.

ಕಟ್ಟೆಯ ಮೇಲಿದ್ದ ಸೊಸೆಯ ಗಂಡ ನಗಲಿಲ್ಲ. ಬಕೆಟ್ಟಿನ ನೀರು ಅಲ್ಲಾಡಿದರೂ ವಾಂತಿ ಮಾಡಿಕೊಳ್ಳುವ ಆಸಾಮಿ ಅವನು. "ಇನ್ನೊಂದಿನ ಹೋದ್ರಾಯ್ತಪ್ಪ," ಎಂದ.

"ನಿಮ್ಮಮ್ಮ ಕಾಯೋ ಪೈಕಿನಾ?"

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಸೊಸೆಯದು ಸೈಕಲ್ ರಿಪೇರಿ ಅಂಗಡಿ. ಹಾಗಾಗಿ ಇಬ್ಬರಿಗೂ ಯಂತ್ರದ ವಿಷಯದಲ್ಲಿ ಒಬ್ಬರಿಗೊಬ್ಬರು ಸೋಲುವ ಅಭ್ಯಾಸವಿರಲಿಲ್ಲ. ಗೇರು ಬಿಡಿಸುವಾಗ ಇಂಜಿನ್ನಿನ ಉಸಿರನ್ನು ಅರೆಕ್ಷಣ ತಡೆಯುವ ಪುಟ್ಟ ಸ್ವಿಚ್ಚೊಂದಿದೆ, ಕೆಟ್ಟಿರುವುದು ಅದೇ, ಎಂದರು ಮಾವ.

"ಕೇಬಲ್ ಇರಬೇಕು ಮಾವ."

"ಇದು ಸೈಕಲ್ ಅಲ್ಲಮ್ಮಾ."

ಅವಳು ಹಿಂದಿನ ಮುಚ್ಚಳ ಎತ್ತಿ, ಇಂಜಿನ್ ಪಕ್ಕದ, ಗೇರು ಬದಲಿಸುವ ಕಬ್ಬಿಣದ ಪಟ್ಟಿಗೆ ಸಿಕ್ಕಿಸಿದ್ದ ಕೇಬಲ್ಲಿನ ಪಿನ್ನು ಕಿತ್ತಳು. "ಈಗ ಹಿಡಿ ಎಳೀರಿ." ಮಾವ ಎಳೆದರು. ಕೇಬಲ್ಲಿನ ತುದಿಗೆ ಏನೂ ಇಲ್ಲದಿದ್ದರೂ ಹಿಡಿ ಹಟಮಾರಿ ಕತ್ತೆಯ ಹಾಗೆ ನಿಂತಲ್ಲೇ ನಿಂತಿತು. ಇತ್ತ ಪಟ್ಟಿಯನ್ನು ಅವಳು ಬೆರಳಲ್ಲಿ ದೂಡಿದರೆ ಟಕ್ಕೆಂದು ಹೋಯಿತು, ಟಕ್ಕೆಂದು ಬಂತು.

"ಗೇರು ಚೆನ್ನಾಗೇ ಇದೆ. ಕೇಬಲ್ ಒಳಗೆ ತುಕ್ಕು ಹಿಡಿದಿದೆ. ನೀವು ಸ್ಟೀರಿಂಗ್ ಹಿಡ್ಕೊಂಡು ಹಿಂದೆ ಮುಂದೆ ಅಂತ ಕೂಗಿ, ನಾನು ಕೈಯಲ್ಲೇ ಗೇರು ಹಾಕ್ತೀನಿ. ವೇಗ ಮಾತ್ರ ಏರಿಸಬೇಡಿ."

ಕೂದಲು ಬಿಗಿದು ಕಟ್ಟಿ ಇಂಜಿನ್ ಪಕ್ಕ ಬೋರಲು ಮಲಗಿದಳು. ಇಂಜಿನ್ ಶುರುವಾಯಿತು. ಮಾವ ಏನೋ ಕೂಗಿದರು. ಅವಳು ಪಟ್ಟಿ ದೂಡಿದಳು. ದೋಣಿ ಮತ್ತೆ ಕಟ್ಟೆಗೆ ಗುದ್ದಿತು.

"ಹಿಂದೆ ಅಂದ್ರೆ ನಿನ್ನ ಭಾಷೇಲಿ ಏನು?"

"ಈ ಗದ್ದಲದಲ್ಲಿ ಮುಂದೆ ಅಂತ ಕೇಳ್ತು ಮಾವ."

ಎರಡನೇ ಸಲ ಸರಿಯಾಯಿತು. ಸರೋವರದ ನಡುವೆ ಬಂದಾಗ "ನ್ಯೂಟ್ರಲ್" ಎಂಬ ಕೂಗು ಕೇಳಿತು. ಹಾಕಿದಳು. ದೋಣಿ ನಿಂತಿತು, ಇಂಜಿನ್ ಮೆಲ್ಲಗೆ ಗುರುಗುಡುತ್ತಿತ್ತು. ಮುಂದಿನ ಆಜ್ಞೆ ಬರಲೇ ಇಲ್ಲ. ಮೊಣಕೈ ಬಿಸಿ ಕಬ್ಬಿಣಕ್ಕೆ ತಗುಲಿ ಚುರ್ರೆಂದಿತು. ಏನಾಯಿತೆಂದು ಕೇಳಬೇಕು ಎನ್ನುವಷ್ಟರಲ್ಲಿ ಮಾವನ ದನಿ ಕೇಳಿತು. ಅದು ಅವಳಿಗಾಗಿ ಆಡಿದ ಮಾತಲ್ಲ.

"ನೋಡೇ, ಇಷ್ಟೇ ಇರೋದು ಇಲ್ಲಿ. ಬರೀ ನೀರು. ನೀನು ಏನೇನೋ ಅಂದ್ಕೊಂಡಿದ್ದೆ. ಬಾ ಅಂತ ನಾನೂ ಒಂದ್ಮಾತು ಕರೀಬೇಕಿತ್ತು."

ಅವಳು ತಲೆ ಎತ್ತಲಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಖಾಲಿ ಡಬ್ಬಿಯನ್ನು ನೀರಲ್ಲಿ ಜಾಲಿಸಿದ ಮೇಲೆ ಮಾವ, "ಮುಂದೆ," ಎಂದರು.

ಈ ಸಲ ಕಟ್ಟೆ ಮುಟ್ಟುವ ಮೊದಲೇ ದೋಣಿ ನಯವಾಗಿ ನಿಂತಿತು. ಗಂಡ ಕಣ್ಣು ಮುಚ್ಚಿಕೊಂಡೇ ಹಗ್ಗ ಹಿಡಿದ. ಸೊಸೆ ಎದ್ದು ಕೂತಾಗ ಮಾವ ಅವಳ ಬೊಬ್ಬೆ ಬಂದ ಮೊಣಕೈ ನೋಡಿದರು. ಕುಡಿಯುವ ನೀರಿನ ಬಾಟಲಿ ತೆಗೆದು, ಕೈ ಹಿಡಿದುಕೊಂಡು, ನಿಧಾನವಾಗಿ ಪೂರ್ತಿ ಸುರಿದರು.

"ಹೊಸ ಕೇಬಲ್ ತರೋಕೆ ನೀನೂ ಬಾ," ಅಂದರು. "ಒಬ್ಬನೇ ಹೋದ್ರೆ ಅಂಗಡಿಯವನು ನನಗೆ ಟೋಪಿ ಹಾಕ್ತಾನೆ."