ಅಪೊಲೋನಿಯಾ ಟೀಚರು ದೆವ್ವಗಳಿಗೆ ಕೊಟ್ಟ ಅಂಕ

ಸಾವಿರದ ಒಂಬೈನೂರ ಅರವತ್ತೆರಡರ ಜನವರಿಯಲ್ಲಿ ಜೆಪ್ಪುವಿನ ಸಂಧ್ಯಾ ಕಲಾ ಸಂಘದ ಮೂವರು ಅಪೊಲೋನಿಯಾ ಟೀಚರ ಮನೆಗೆ ಬಂದರು. ಸಂಘದಲ್ಲಿ ಒಂದು ಜಗಳ ಎದ್ದಿತ್ತು. ಹೆದರಿಸುವ ನಾಟಕ ಬರೆಯುವುದರಲ್ಲಿ ಕಜೆಟನ್ ಮೇಲೋ ಕಮರುದ್ದೀನ್ ಮೇಲೋ ಎಂಬುದು ಜಗಳದ ವಿಷಯ. ಊರಿನಲ್ಲಿ ಜಗಳ ಮಾಡಲು ಇದಕ್ಕಿಂತ ಉಪಯುಕ್ತ ಕಾರಣಗಳು ಬೇಕಾದಷ್ಟಿದ್ದವು. ಆದರೆ ಅವುಗಳಲ್ಲಿ ಯಾವುದೂ ಸಂಘದ ಸಭೆಯನ್ನು ಸತತ ಮೂರು ಭಾನುವಾರ ಅರ್ಧಕ್ಕೆ ನಿಲ್ಲಿಸಿರಲಿಲ್ಲ.

ಟೀಚರು ಮೂವತ್ತೊಂದು ವರ್ಷ ಹೈಯರ್ ಎಲಿಮೆಂಟರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರು ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದರು, ಇಗರ್ಜಿಯಲ್ಲಿ ಲ್ಯಾಟಿನ್ ಕೇಳುತ್ತಿದ್ದರು, ಮೀನಿನವಳ ಜೊತೆ ತುಳುವಿನಲ್ಲಿ ಚರ್ಚೆ ಮಾಡುತ್ತಿದ್ದರು. ಕನ್ನಡವನ್ನು ಮಾತ್ರ ತಿದ್ದಲಿಕ್ಕೆಂದೇ ಇಟ್ಟುಕೊಂಡಿದ್ದರು. ಮದುವೆಯ ಕಾಗದ ಬಂದರೆ ಮೊದಲು ಅದರಲ್ಲಿನ ತಪ್ಪುಗಳಿಗೆ ಗೆರೆ ಎಳೆದು, ಆಮೇಲೆ ಯಾರ ಮದುವೆ ಎಂದು ನೋಡುತ್ತಿದ್ದರು.

ಸಂಘದವರು ಕನ್ನಡದಲ್ಲಿ ನಾಟಕ ಆಡುತ್ತಿದ್ದುದಕ್ಕೂ ಒಂದು ಕಾರಣವಿತ್ತು. ಸದಸ್ಯರಲ್ಲಿ ಕೊಂಕಣಿಯವರು, ತುಳುವಿನವರು, ಬ್ಯಾರಿಗಳು ಎಲ್ಲರೂ ಇದ್ದರು. ಕನ್ನಡ ಇವರಲ್ಲಿ ಯಾರ ಮನೆಮಾತೂ ಅಲ್ಲದ್ದರಿಂದ ಅದನ್ನು ಎಷ್ಟು ಕೆಡಿಸಿದರೂ ಯಾರಿಗೂ ನೋವಾಗುತ್ತಿರಲಿಲ್ಲ.

"ಟೀಚರೇ, ನೀವು ಎರಡನ್ನೂ ಓದಿ ಯಾವುದರ ಬರವಣಿಗೆ ಒಳ್ಳೆದುಂಟು ಅಂತ ಹೇಳ್ಬೇಕು. ನೀವು ಹೇಳಿದ ಮೇಲೆ ಮತ್ತೆ ಯಾರೂ ಮಾತಾಡುದಿಲ್ಲ" ಎಂದ ಕಾರ್ಯದರ್ಶಿ ನೊರ್ಬರ್ಟ್. ಅವನಿಗೆ ವಿದ್ಯುತ್ ಸಾಮಾನಿನ ಅಂಗಡಿ ಇತ್ತು. ಅವನ ನಾಟಕಾಭಿಮಾನ ಒಂದು ಹಸಿರು ಬಲ್ಬಿನಿಂದ ಶುರುವಾಗಿ ಅಲ್ಲಿಗೇ ನಿಂತಿತ್ತು.

"ಭೂತದ ನಾಟಕವಾ?" ಟೀಚರು ಕೇಳಿದರು.

"ಭೂತ ಅಂತ ಹೇಳ್ಬೇಡಿ ಟೀಚರೇ. ಇಲ್ಲಿ ಭೂತ ಅಂದ್ರೆ ದೈವ. ಕಳೆದ ವರ್ಷ ಬೋರ್ಡಿನಲ್ಲಿ ಹಾಗೆ ಬರೆದು, ದೈವದ ಕೋಲ ನಡೆಸುವ ಗುತ್ತಿನ ಮನೆಯವರು ಬಂದು ಎಂತ ಇದು ಅಂತ ಕೇಳಿದ್ದಾರೆ. ಇದು ಭಯಾನಕ ನಾಟಕ. ಬರೀ ದೆವ್ವ."

ಬರೀ ದೆವ್ವವಾದರೆ ಅಡ್ಡಿಯಿಲ್ಲವೆಂದು ಟೀಚರು ಒಪ್ಪಿದರು. ನಿವೃತ್ತಿಯಾದ ಮೇಲೆ ಅವರ ಕೈಗೆ ಒಂದು ಉತ್ತರಪತ್ರಿಕೆಯೂ ಸಿಕ್ಕಿರಲಿಲ್ಲ.

ಮೊದಲು ಕಜೆಟನ್ನನ ನಾಟಕ. ಕಜೆಟನ್ ಹೆಂಚಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುವವನು. ಏಳು ವರ್ಷದಿಂದ ವರ್ಷಕ್ಕೊಂದು ನಾಟಕವನ್ನೂ ಅಷ್ಟೇ ತಪ್ಪದೆ ಬರೆಯುತ್ತಿದ್ದ. ಈ ಸಲದ್ದರ ಹೆಸರು 'ಹೆಂಚಿನ ಗೂಡಿನ ಹೆಣ್ಣು'. ಅದರಲ್ಲಿ ಬದುಕಿದ್ದವರು ಎಂತ ಮಾರಾಯ ಎಂದು ಸಾದಾ ಮಾತಾಡಿದರೆ, ಸತ್ತವಳು ಹಳೆಗನ್ನಡಕ್ಕೆ ಹತ್ತಿರದ ಭಾಷೆಯಲ್ಲಿ ಮಾತಾಡುತ್ತಿದ್ದಳು. ಸಾಯುವುದರಿಂದ ವಿದ್ಯೆ ಇಷ್ಟು ಹೆಚ್ಚುತ್ತದೆಂದು ಟೀಚರಿಗೆ ಅದುವರೆಗೆ ತಿಳಿದಿರಲಿಲ್ಲ. ದೆವ್ವ ಮೂರನೆಯ ಪುಟದಲ್ಲಿ "ಎಲೈ ಮಾನವನೇ, ನಾನಾರೆಂದು ಬಲ್ಲೆಯಾ?" ಎಂದು ಕೇಳುತ್ತದೆ. ಮಾನವ ಅರಿಯೆನೆಂದುಬಿಟ್ಟು ದೊಡ್ಡ ತಪ್ಪು ಮಾಡುತ್ತಾನೆ. ಆಮೇಲಿನ ಎರಡೂವರೆ ಪುಟ ದೆವ್ವವೇ ಮಾತಾಡುತ್ತದೆ. ನಡುವೆ ಸಾರಾಯಿ ಕುಡಿಯಬಾರದೆಂಬ ಬುದ್ಧಿಮಾತೂ ಬರುತ್ತದೆ. ಎಲ್ಲೆಲ್ಲಿ ಕಜೆಟನ್ನನಿಗೆ ಮುಂದೆ ಏನು ಬರೆಯಬೇಕೆಂದು ತೋಚಿರಲಿಲ್ಲವೋ ಅಲ್ಲಲ್ಲಿ 'ದೆವ್ವ ಪ್ರತ್ಯಕ್ಷ' ಎಂದಿತ್ತು. ಅಂಥ ಜಾಗಗಳು ಹತ್ತೊಂಬತ್ತು ಇದ್ದವು.

ಟೀಚರು ಅಂಚಿನಲ್ಲಿ ಟಿಪ್ಪಣಿ ಬರೆದರು. ದೆವ್ವ ಒಮ್ಮೆ ಹಹಹಾ, ಒಮ್ಮೆ ಹಿಹಿಹಿ, ಇನ್ನೊಮ್ಮೆ ಹುಹುಹು ಎಂದು ನಕ್ಕಲ್ಲಿ 'ಒಂದೇ ಪಾತ್ರ ಮೂರು ಸ್ವರಗಳಲ್ಲಿ ನಗಬಾರದು' ಎಂದು ಬರೆದರು. ದೆವ್ವದ ಕೈಗೆ ಸಿಕ್ಕ ಜಮೀನ್ದಾರ ಒಂದಿಡೀ ಪುಟ 'ನಾನು ಸಾಯುತ್ತಿದ್ದೇನೆ' ಎನ್ನುತ್ತಿದ್ದಲ್ಲಿ 'ವರ್ತಮಾನ ಕಾಲ ದೀರ್ಘವಾಯಿತು' ಎಂದು ಬರೆದರು.

ಕಮರುದ್ದೀನನಿಗೆ ಬಂದರಿನಲ್ಲಿ ಕೊಡೆಯ ಅಂಗಡಿ. ವರ್ಷದಲ್ಲಿ ನಾಲ್ಕು ತಿಂಗಳು ವ್ಯಾಪಾರ, ಉಳಿದ ಎಂಟು ತಿಂಗಳು ಸಾಹಿತ್ಯ. ಅವನ ನಾಟಕದ ಹೆಸರು 'ಮನೆ ಬಾಡಿಗೆಗೆ ಉಂಟು'. ಟೀಚರು ಅದನ್ನು ಕೈಗೆತ್ತಿಕೊಂಡದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಅಂಗಳದಲ್ಲಿ ಸುಡುಬಿಸಿಲು, ಒಲೆಯ ಮೇಲೆ ಬಂಗುಡೆ ಸಾರು.

ಮಣ್ಣಗುಡ್ಡದಲ್ಲಿ ಒಬ್ಬ ಗುಮಾಸ್ತ ಮತ್ತವನ ಹೆಂಡತಿ ಬಾಡಿಗೆಗೆ ಮನೆ ಹಿಡಿಯುತ್ತಾರೆ. ಮನೆಯ ಯಜಮಾನ ಎದುರುಮನೆಯ ಮುದುಕ, ಸಾಧು ಮನುಷ್ಯ. ಮರುದಿನ ಬೆಳಿಗ್ಗೆ ಒಂದು ಕಟ್ಟು ಹರಿವೆ ಸೊಪ್ಪು ತಂದುಕೊಟ್ಟು, "ರಾತ್ರಿ ನಿದ್ರೆ ಬಂತಾ?" ಎಂದು ಕೇಳುತ್ತಾನೆ. ಬಂತು ಎನ್ನುತ್ತಾರೆ. ಮಾರನೆಯ ದಿನ ಮುಳ್ಳುಸೌತೆ ತರುತ್ತಾನೆ. ಮತ್ತೆ ಅದೇ ಪ್ರಶ್ನೆ. ನಾಲ್ಕನೆಯ ದಿನ ಅವನು "ಇಬ್ಬರಿಗೂ ಬಂತಾ?" ಎಂದು ಕೇಳುತ್ತಾನೆ. ಗಂಡ ಹೆಂಡತಿ ನಗುತ್ತಾರೆ. ಮನೆಯಲ್ಲಿ ಏನೂ ಆಗುವುದಿಲ್ಲ. ಒಂದು ತಟ್ಟೆಯೂ ಬೀಳುವುದಿಲ್ಲ. ಏಳನೆಯ ದಿನ ಮುದುಕ ಬರಿಗೈಯಲ್ಲಿ ಬಂದು, ಬಾಗಿಲಲ್ಲೇ ನಿಂತು, ಅದೇ ಮೆಲುದನಿಯಲ್ಲಿ ಕೇಳುತ್ತಾನೆ: "ಮೂವರಿಗೂ ನಿದ್ರೆ ಬಂತಾ?"

ಟೀಚರು ಪುಸ್ತಕ ಕೆಳಗಿಟ್ಟರು. ಎದ್ದು ಹೋಗಿ ಹಿತ್ತಿಲ ಬಾಗಿಲು ಹಾಕಿ ಚಿಲಕ ಇಟ್ಟರು. ಹಾಕಿದ ಮೇಲೆ, ಯಾಕೆ ಹಾಕಿದೆನೆಂದು ತಮ್ಮನ್ನೇ ಕೇಳಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಸಾರು ತಳ ಹಿಡಿಯಿತು.

ವರದಿಯಲ್ಲಿ ಅವರು ಇದನ್ನು ಬರೆಯಲಿಲ್ಲ. 'ಭಾಷೆ ಶುದ್ಧ, ಸಂಭಾಷಣೆ ಸಹಜ, ಒಂದು ಮಾತೂ ಹೆಚ್ಚಿಲ್ಲ' ಎಂದು ಬರೆದು ಎಂಬತ್ತನಾಲ್ಕು ಅಂಕ ಕೊಟ್ಟರು. ಕಜೆಟನ್ನನಿಗೆ ಮೂವತ್ತೈದು. ಕಷ್ಟಪಟ್ಟು ಬರೆದವನನ್ನು ಅವರು ಯಾವತ್ತೂ ಫೇಲ್ ಮಾಡಿದವರಲ್ಲ.

ಸಂಘದವರಿಗೆ ವರದಿ ರುಚಿಸಲಿಲ್ಲ. "ಟೀಚರೇ, ದೆವ್ವವೇ ಇಲ್ಲದ ದೆವ್ವದ ನಾಟಕ ಉಂಟಾ? ನಾನು ಲೈಟ್ ಯಾರ ಮುಖಕ್ಕೆ ಬಿಡುದು?" ಎಂದು ನೊರ್ಬರ್ಟ್ ಕೇಳಿದ. ನೀವು ಹೇಳಿದ ಮೇಲೆ ಯಾರೂ ಮಾತಾಡುವುದಿಲ್ಲ ಎಂದಿದ್ದವನು ಇವನೇ. ಕೊನೆಗೆ ಎರಡು ನಾಟಕಗಳನ್ನೂ ಒಂದೇ ಸಂಜೆ ಆಡಿಸುವುದು, ಜನರ ಚಪ್ಪಾಳೆಯನ್ನೂ ಟೀಚರ ಅಂಕವನ್ನೂ ಸೇರಿಸಿ ನೋಡಿ ಗೆದ್ದವನಿಗೆ ಒಂದು ಕಪ್ ಕೊಡುವುದು ಎಂದು ತೀರ್ಮಾನವಾಯಿತು. ಟೀಚರು ಒಂದೇ ಷರತ್ತು ಹಾಕಿದರು: ಬರೆದದ್ದನ್ನು ಬರೆದ ಹಾಗೆ ಆಡಬೇಕು.

ಫೆಬ್ರವರಿಯ ಒಂದು ಭಾನುವಾರ ಸಂಜೆ ಸಂಘದ ಹಾಲ್ ತುಂಬಿತು. ಮೊದಲು 'ಹೆಂಚಿನ ಗೂಡಿನ ಹೆಣ್ಣು'. ಕಾರ್ಖಾನೆಯ ಲಾರಿ ಕ್ಲೀನರ್ ವಿಲ್ಲಿ ಬಿಳಿ ಸೀರೆ ಉಟ್ಟು, ಸೆಣಬಿನ ಕೂದಲು ಹಾಕಿ, ಹತ್ತೊಂಬತ್ತು ಸಲವೂ ಪ್ರತ್ಯಕ್ಷನಾದ. ಪ್ರತಿ ಸಲವೂ ನೊರ್ಬರ್ಟ್ ಹಸಿರು ಬಲ್ಬು ಹಾಕಿದ. ಹಾಗಾಗಿ ದೆವ್ವ ಬರುವ ಮೊದಲೇ ಜನಕ್ಕೆ ಗೊತ್ತಾಗಿ, ಸರಿಯಾದ ಸಮಯಕ್ಕೆ ಹೆದರಲು ಅನುಕೂಲವಾಯಿತು. ಹೆಂಗಸರು ಕಿರುಚಿ, ಕಿರುಚಿದ್ದಕ್ಕೆ ನಕ್ಕು, ಮತ್ತೆ ಕಡಲೆ ಸುಲಿದರು. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಆಮೇಲೆ ಕಮರುದ್ದೀನನ ನಾಟಕ. ಯಜಮಾನನ ಪಾತ್ರ ಆಂಬ್ರೋಸನದ್ದು. ನಿಜಜೀವನದಲ್ಲಿಯೂ ಅವನು ಬ್ಯಾಂಡಿನಲ್ಲಿ ಡೋಲು ಹೊತ್ತುಕೊಂಡು ಸುಮ್ಮನೆ ನಡೆಯುವ ಸಾಧು ಮನುಷ್ಯ. ಮೊದಲೆರಡು ದೃಶ್ಯ ಜನ ಕೆಮ್ಮಿದರು. ಮೂರನೆಯದರಲ್ಲಿ ಕೆಮ್ಮು ಕಡಿಮೆಯಾಯಿತು. "ಇಬ್ಬರಿಗೂ ಬಂತಾ?" ಎಂದಾಗ ಕಡಲೆ ಸಿಪ್ಪೆಯ ಸದ್ದೂ ನಿಂತಿತು. ಮುಂದಿನ ಸಾಲಿನಲ್ಲಿದ್ದ ಟೀಚರು ಪಕ್ಕಕ್ಕೆ ನೋಡಿದರು. ರೊಸಾಲಿನ್ ಎಂಬ ನರ್ಸು, ದಿನವೂ ಆಸ್ಪತ್ರೆಯಲ್ಲಿ ಹೆಣ ನೋಡುವವಳು, ತನ್ನ ಗಂಡನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಟೀಚರಿಗೆ ತಾವೇ ಬರೆದಷ್ಟು ಸಂತೋಷವಾಯಿತು.

ಏಳನೆಯ ದಿನದ ದೃಶ್ಯ. ಗಂಡ ಹೆಂಡತಿ ಸುಮ್ಮನೆ ಕೂತಿದ್ದಾರೆ. ಯಜಮಾನ ಇನ್ನೇನು ಬರಬೇಕು. ಅಷ್ಟರಲ್ಲಿ ಹಸಿರು ಬಲ್ಬು ಹೊತ್ತಿತು. ಬೆಂಚಿನ ಹಿಂದಿನಿಂದ ವಿಲ್ಲಿ ಎದ್ದು ಹಹಹಾ ಎಂದ.

ದೆವ್ವವಿಲ್ಲದ ರಂಗವನ್ನು ನೋಡಿಕೊಂಡು ಸುಮ್ಮನಿರುವುದು ನೊರ್ಬರ್ಟನ ಕೈಲಿ ಆಗಿರಲಿಲ್ಲ. ಜನರಿಗೆ ಬೋರಾಗಬಾರದೆಂದು ಒಂದು ದೆವ್ವವನ್ನು ದಾನ ಮಾಡಿದ್ದ.

ಟೀಚರು ಎದ್ದು ನಿಂತರು. "ನಿಲ್ಲಿಸಿ" ಎಂದರು. ಅವರ ದನಿ ಜೋರಿನದ್ದಲ್ಲ, ಮೂವತ್ತೊಂದು ವರ್ಷ ಅರವತ್ತು ಮಕ್ಕಳನ್ನು ಕೂರಿಸಿದ ದನಿ. ಅವರು ಎತ್ತರದ ಮನುಷ್ಯೆ, ಯಾವಾಗಲೂ ಉಡುವುದು ಬಿಳಿ ಸೀರೆ. ಹಸಿರು ಬೆಳಕು ರಂಗದಿಂದ ಚೆಲ್ಲಿ ಅವರ ಅರ್ಧ ಮುಖಕ್ಕೆ ಬಿದ್ದಿತ್ತು. ಹಿಂದಿನಿಂದ ಯಾರೋ ಕಿರುಚಿದರು. ಈ ಸಲ ಕಿರುಚಿದ ಮೇಲೆ ನಗಲಿಲ್ಲ. ಒಂದು ಬೆಂಚು ಜನರ ಸಮೇತ ಹಿಂದಕ್ಕೆ ಮಗುಚಿತು.

ರಂಗದ ಮೇಲಿನ ದೆವ್ವ ಐದನೆಯ ಕ್ಲಾಸಿನಲ್ಲಿ ಟೀಚರ ಶಿಷ್ಯನಾಗಿದ್ದವನು. ಅವನು ಕೂದಲು ತೆಗೆದು ಕೈಕಟ್ಟಿ ನಿಂತ.

"ವಿಲ್ಲಿ, ಇದು ಪುಸ್ತಕದಲ್ಲಿ ಉಂಟಾ?"

"ಇಲ್ಲ ಟೀಚರೇ."

"ಮತ್ತೆ ಯಾಕೆ ಬಂದೆ?"

"ನೊರ್ಬರ್ಟಣ್ಣ ಹೇಳಿದ್ರು."

ಹಾಲ್‌ನಲ್ಲಿದ್ದವರು ಇದೂ ನಾಟಕವೆಂದೇ ತಿಳಿದರು. ದೆವ್ವವನ್ನು ಹೆದರಿಸುವ ದೆವ್ವವನ್ನು ಅವರು ಅದುವರೆಗೆ ನೋಡಿರಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಗದ್ದಲದಲ್ಲಿ ಆಂಬ್ರೋಸ್ ಬಾಗಿಲಲ್ಲಿ ಬಂದು ನಿಂತ. ರಂಗದಲ್ಲಿ ಇರಬೇಕಾದ್ದಕ್ಕಿಂತ ಒಬ್ಬರು ಹೆಚ್ಚಿರುವುದನ್ನು ನೋಡಿ ಅವನಿಗೆ ಲೆಕ್ಕ ತಪ್ಪಿತು. ಮನಸ್ಸಿನಲ್ಲೇ ಎಣಿಸಿ, ಯಾರನ್ನೂ ಬಿಟ್ಟಂತಾಗಬಾರದೆಂದು, "ಎಲ್ಲರಿಗೂ ನಿದ್ರೆ ಬಂತಾ?" ಎಂದು ಕೇಳಿದ.

ಆ ನಗು ರಸ್ತೆಗೂ ಕೇಳಿಸಿತಂತೆ. ಪರದೆ ಎಳೆದರು. ಟೀಚರು ಕುರ್ಚಿಯಲ್ಲಿ ಕೂತರು. ಎಂಬತ್ತನಾಲ್ಕು ಅಂಕದ ನಾಟಕದಲ್ಲಿ ಎಂಬತ್ತು ಅಂಕ ಆ ಒಂದು ಮಾತಿನದ್ದಾಗಿತ್ತು.

ಬಹುಮಾನದ ಕಪ್ ಕಜೆಟನ್ನನಿಗೆ ಹೋಯಿತು. ಚಪ್ಪಾಳೆ ಎರಡನೆಯ ನಾಟಕಕ್ಕೇ ಹೆಚ್ಚು ಬಿದ್ದಿತ್ತು; ಆದರೆ ಅದು ಟೀಚರಿಗೆ ಬಿದ್ದದ್ದು, ಟೀಚರು ಸಂಘದ ಸದಸ್ಯರಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ, ಬರೆದ ಹಾಗೆ ಆಡದ ನಾಟಕಕ್ಕೆ ಟೀಚರ ಅಂಕವೂ ಲೆಕ್ಕಕ್ಕಿಲ್ಲ ಎಂದು ಸಮಿತಿ ನಿರ್ಧರಿಸಿತು.

ಹೊರಗೆ ಮೆಟ್ಟಿಲ ಬಳಿ ಕಮರುದ್ದೀನ್ ನಿಂತಿದ್ದ. ಟೀಚರು ಅವನ ಹತ್ತಿರ ಹೋಗಿ, "ನಿನ್ನ ನಾಟಕ ನಾನೇ ಹಾಳು ಮಾಡಿದೆ" ಎಂದರು. ಹಾಗೆ ಹೇಳುವುದು ಅವರಿಗೆ ಅಭ್ಯಾಸವಿರಲಿಲ್ಲ.

"ಛೆ, ಇಲ್ಲ ಟೀಚರೇ" ಎಂದ ಕಮರುದ್ದೀನ್. ಅವನ ಮುಖ ಬೆಳಗುತ್ತಿತ್ತು. "ಆ ಚಪ್ಪಾಳೆ ಕೇಳಿದಿರಾ ನೀವು? ನನ್ನ ಯಾವ ನಾಟಕಕ್ಕೂ ಜನ ಎದ್ದು ನಿಂತದ್ದಿಲ್ಲ. ದೆವ್ವವನ್ನು ಮೊದಲೇ ಇಡ್ಬೇಕಿತ್ತು ಅಂತ ಈಗ ಗೊತ್ತಾಯ್ತು."

ತಪ್ಪು ಮಾಡಿದವನೇ ಇಷ್ಟು ಖುಷಿಯಾಗಿದ್ದರೆ ಎಲ್ಲಿ ಗೆರೆ ಎಳೆಯುವುದು ಎಂದು ಟೀಚರಿಗೆ ತಿಳಿಯಲಿಲ್ಲ.

ವಾರ ಕಳೆದು ಕಜೆಟನ್ ಅವರ ಮನೆಗೆ ಬಂದ. ಕಪ್ ಗೆದ್ದವನ ಗತ್ತು ಅವನಲ್ಲಿ ಇರಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ.

"ಟೀಚರೇ, ಅವನ ನಾಟಕದಲ್ಲಿ ಮೂವರಿಗೂ ಅಂತ ಒಂದು ಮಾತುಂಟಲ್ಲ. ಅದನ್ನು ನಾನು ಪ್ರಾಕ್ಟೀಸಿನಲ್ಲಿ ಕೇಳಿದ್ದೆ. ಅವತ್ತಿನಿಂದ ಮನೆಯಲ್ಲಿ ಹೆಂಡತಿ ಮೂರು ಗ್ಲಾಸು ಚಾ ಇಟ್ರೆ ನಾನು ಮೊದಲು ಯಾರೆಲ್ಲ ಅಂತ ನೋಡ್ತೇನೆ. ನನ್ನ ದೆವ್ವ ಅಷ್ಟು ಸಲ ಬಂದ್ರೂ ನಾನೊಮ್ಮೆಯೂ ಹೆದರ್ಲಿಲ್ಲ. ಅದು ಹೇಗೆ ಬರೆಯುದು?"

ಸಂಧಿ, ಸಮಾಸ, ವಿಭಕ್ತಿ ಎಲ್ಲವೂ ಟೀಚರ ನಾಲಿಗೆಯ ತುದಿಯಲ್ಲಿದ್ದವು. ಈ ಪ್ರಶ್ನೆಗೆ ಅವುಗಳಲ್ಲಿ ಯಾವುದೂ ಉತ್ತರವಲ್ಲ.

"ನನಗೆ ಗೊತ್ತಿಲ್ಲ" ಎಂದರು. "ನಾನು ಅದನ್ನು ಓದಿ ಬಾಗಿಲು ಹಾಕಿದ್ದೆ. ಅಷ್ಟು ಮಾತ್ರ ಗೊತ್ತು. ನಡಿ, ಬರೆದವನನ್ನೇ ಕೇಳುವ."

ಇಬ್ಬರೂ ಬಸ್ಸು ಹಿಡಿದು ಬಂದರಿಗೆ ಹೋದರು. ಕಮರುದ್ದೀನ್ ನೇತುಹಾಕಿದ ಕೊಡೆಗಳ ಕೆಳಗೆ ಕೂತು ಬರೆಯುತ್ತಿದ್ದ. ಟೀಚರನ್ನು ನೋಡಿ ಎದ್ದು ಸ್ಟೂಲು ಕೊಟ್ಟ. ಕಜೆಟನ್ ಬಂದ ಕಾರಣ ಹೇಳುವ ಮೊದಲೇ, ಮುಂದಿನ ವರ್ಷದ ನಾಟಕವೆಂದು ಹೆಮ್ಮೆಯಿಂದ ಕಾಗದಗಳನ್ನು ಅವನ ಕೈಗೆ ಹಾಕಿದ. ಮೊದಲನೆಯ ಪುಟದ ಮೊದಲನೆಯ ಸಾಲಿನಲ್ಲಿ ಹಸಿರು ಬೆಳಕು ಇತ್ತು. ಎರಡನೆಯ ಸಾಲಿನಲ್ಲಿ ಮೂರು ದೆವ್ವಗಳು ಒಟ್ಟಿಗೆ ಪ್ರವೇಶಿಸಿದ್ದವು. ಕಾಗುಣಿತ ಒಂದೂ ತಪ್ಪಿರಲಿಲ್ಲ.

ಕಜೆಟನ್ ನಿಂತಲ್ಲೇ ನಾಲ್ಕು ಪುಟ ಓದಿದ. ಆಮೇಲೆ ಕಾಗದಗಳನ್ನು ಜೋಡಿಸಿ, ಸಾವಿನ ಸುದ್ದಿ ತಂದವನ ಮುಖ ಮಾಡಿಕೊಂಡು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಇದು ಬೇಡ ಮಾರಾಯ" ಎಂದ. "ಇದನ್ನು ನಾನು ಏಳು ಸಲ ಬರೆದಿದ್ದೇನೆ."