ನಾಲ್ಕು ಗುಟುಕಿನ ತಂಬಿಗೆ

ನಾನು ಒಂದು ತಾಮ್ರದ ತಂಬಿಗೆ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಸುತ್ತಿಗೆಯ ಏಟು ತಿನ್ನುತ್ತ. ದೊಡ್ಡ ಕೊಡ ಮಾಡಿ ಉಳಿದ ತಗಡಿನ ಚೂರಿನಿಂದ ನನ್ನನ್ನು ಮಾಡಿದರು, ಹಾಗಾಗಿ ಕುಳ್ಳಾದೆ. ನನ್ನ ಹೊಟ್ಟೆಯಲ್ಲಿ ನಾಲ್ಕು ಗುಟುಕು ನೀರು ಹಿಡಿಯುತ್ತದೆ, ಅಷ್ಟೇ. ಅಂಗಡಿಗೆ ಬಂದವರು ಎತ್ತಿ ನೋಡಿ, ನಕ್ಕು, ಇಟ್ಟು ಹೋಗುತ್ತಿದ್ದರು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ! ಕೊನೆಗೆ ಶಿವಗಂಗವ್ವ ಎಂಬಾಕೆ ನನ್ನನ್ನು ಕೊಂಡು, ಧಾರವಾಡದ ಹಾಸ್ಟೆಲಿನಲ್ಲಿದ್ದ ಅಣ್ಣನ ಮಗಳು ದಾಕ್ಷಾಯಣಿಗೆ ತಂದಳು.

ದಾಕ್ಷಾಯಣಿ ಬಿ.ಎಸ್ಸಿ. ಓದುತ್ತಿದ್ದಳು. ದಿನವಿಡೀ ಕುರ್ಚಿಗೆ ಅಂಟಿಕೊಂಡು ನಡುನೋವು ತಂದುಕೊಂಡಿದ್ದಳು. ಹಿಂದಿನ ಸಲ ಗಣಿತದ ಪರೀಕ್ಷೆಯಲ್ಲಿ ಎರಡೇ ತಾಸಿಗೆ ನೋವು ತಾಳದೆ ಎದ್ದು ಬಂದು ನಪಾಸಾಗಿದ್ದಳು. ಈ ಸಲ ಮೂರು ತಾಸು ಕೂರಲಾಗದಿದ್ದರೆ ವರ್ಷವೇ ಹಾಳು. ತಾಸಿಗೊಮ್ಮೆ ಎದ್ದು ಐದು ನಿಮಿಷ ನಡೆಯಬೇಕೆಂದು ಡಾಕ್ಟರು ಹೇಳಿದ್ದರು.

"ಅಡ್ಡಾಡಾಕ ಪುರಸೊತ್ತ ಎಲ್ಲೈತಿ ಅತ್ತಿ?" ಅಂದಳು ದಾಕ್ಷಾಯಣಿ.

ಶಿವಗಂಗವ್ವ ಮೇಜಿನ ಮೇಲಿದ್ದ ಎರಡು ಲೀಟರ್ ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಅದರ ಜಾಗದಲ್ಲಿ ನನ್ನನ್ನು ಇಟ್ಟಳು. "ನೀರಡಿಕಿ ಆದ್ರ ಏಳತಿ, ತಗೊ."

ಉಪಾಯ ಫಲಿಸಿತು. ನಾಲ್ಕು ಗುಟುಕು ಮುಗಿದೊಡನೆ ದಾಕ್ಷಾಯಣಿ ನನ್ನನ್ನು ಹಿಡಿದು ಉದ್ದನೆಯ ಪಡಸಾಲೆಯ ತುದಿಯ ನಲ್ಲಿಗೆ ನಡೆಯುತ್ತಿದ್ದಳು. ದಿನಕ್ಕೆ ಎಂಟು ಸಲ! ನಡುನೋವೂ ಇಳಿಯುತ್ತ ಬಂತು. ಆದರೆ ಆ ನಲ್ಲಿ ಇದ್ದದ್ದು ಪಾಯಖಾನೆಗಳ ಪಕ್ಕದಲ್ಲಿ. ತಂಬಿಗೆ ಹಿಡಿದು ಆ ಕಡೆ ಬಿರಬಿರನೆ ಹೋದರೆ ನಮ್ಮ ಕಡೆ ಜನ ಏನಂದುಕೊಳ್ಳುತ್ತಾರೆ, ನೀವೇ ಹೇಳಿ. ಹುಡುಗಿಯರು ದಾರಿ ಬಿಟ್ಟು ಗೋಡೆಗೆ ಆನಿಕೊಳ್ಳುತ್ತಿದ್ದರು. ತನ್ನ ನಡಿಗೆಗೆ ಎಷ್ಟು ಗೌರವ ಅಂತ ದಾಕ್ಷಾಯಣಿ ಹಿಗ್ಗುತ್ತಿದ್ದಳು. ಅಡುಗೆಮನೆಯಿಂದ ಅವಳಿಗೆ ಮಾತ್ರ ರೊಟ್ಟಿ ನಿಂತು ಗಂಜಿ ಬರತೊಡಗಿತು. ಓದುವವರಿಗೆ ಹಗುರ ಊಟ ಅಂದುಕೊಂಡು ಅದನ್ನೂ ಉಂಡಳು, ಹುಚ್ಚಿ.

ಪರೀಕ್ಷೆಯ ಹಿಂದಿನ ಸಂಜೆ ವಾರ್ಡನ್ ನೀಲಾಂಬಿಕಾ ಮೇಡಂ ಬಂದರು.

"ನಾಳೆ ಪರೀಕ್ಷಾ ಬ್ಯಾಡವಾ. ದವಾಖಾನಿಗೆ ಹೋಗೂಣು. ಹೊಟ್ಟಿ ಇಷ್ಟ ಕೆಟ್ಟಾಗ ನಿನ್ನ ಹ್ಯಾಂಗ ಕಳಸ್ಲಿ?"

"ಯಾರ ಹೊಟ್ಟಿ ಮೇಡಂ?"

"ದಿನಕ್ಕ ಎಂಟ ಸಲ ತಂಬಗಿ ಹಿಡಕೊಂಡ ಓಡತಿ, ಯಾರ ಹೊಟ್ಟಿ ಅಂತ ಕೇಳತಿ?"

ದಾಕ್ಷಾಯಣಿಯ ಮುಖ ಕೆಂಪಾಯಿತು. ನಡುನೋವು, ಡಾಕ್ಟರು, ಅತ್ತೆ ಎಲ್ಲ ಹೇಳಿದಳು. ಮೇಡಂ ನಂಬಲಿಲ್ಲ. ಆಗ ಹುಡುಗಿ ನನ್ನನ್ನೆತ್ತಿ ಗಟಗಟನೆ ನಾಲ್ಕೂ ಗುಟುಕು ಕುಡಿದುಬಿಟ್ಟಳು.

"ಅಯ್ಯ ನಮ್ಮವ್ವಾ! ಅದರಾಗ ಕುಡದಿ?" ಮೇಡಂ ಕೂಗಿದ ಕೂಗಿಗೆ ಇಡೀ ಹಾಸ್ಟೆಲ್ ಸೇರಿತು. ನನ್ನ ಮಾನ ಅಷ್ಟು ಮಂದಿಯ ಎದುರು ಹರಾಜಾಯಿತು. ನಾನು ಕುಡಿಯುವ ನೀರಿನ ತಂಬಿಗೆ ಎಂದು ಒಪ್ಪುವ ಹೊತ್ತಿಗೆ ಮೇಡಂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆ ಸಂಜೆ ದಾಕ್ಷಾಯಣಿಗೆ ಎರಡು ರೊಟ್ಟಿ ಹೆಚ್ಚಿಗೆ ಬಂತು.

ಮರುದಿನ ಪರೀಕ್ಷೆಯ ಕೋಣೆಗೆ ನನ್ನನ್ನು ಬಿಡಲಿಲ್ಲ. ಹೊರಗೆ ಚೀಲಗಳ ರಾಶಿಯಲ್ಲಿ ಬಿದ್ದಿದ್ದೆ. ಎರಡು ತಾಸು ಕಳೆಯಿತು, ಹಿಂದಿನ ಸಲ ಅವಳು ಎದ್ದು ಬಂದಿದ್ದ ಹೊತ್ತು. ಬೇಗ ಮುಗಿಸಿದವರು ಹೊರಬಂದರು. ಅವಳು ಬರಲಿಲ್ಲ. ಕೊನೆಯ ಗಂಟೆ ಬಾರಿಸಿದ ಮೇಲೆ ಬಂದಳು, ನೆಟ್ಟಗೆ ನಡೆದುಕೊಂಡು. ಅತ್ತೆಗೆ ಫೋನು ಹಚ್ಚಿ "ಕಡೀ ತನಕ ಕುಂತೆ ಅತ್ತಿ!" ಅಂದವಳೇ ಅತ್ತುಬಿಟ್ಟಳು.

ಈಗ ನನಗೆ ವಯಸ್ಸಾಯಿತು, ತಳ ಸೋರುತ್ತದೆ. ದಾಕ್ಷಾಯಣಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಮೇಜಿನ ಮೇಲೆ ಪೆನ್ನು ಹೊತ್ತು ಕೂತಿದ್ದೇನೆ. ತಾಸಿಗೊಮ್ಮೆ ಅವಳು ತಾನಾಗಿಯೇ ಎದ್ದು ಅಂಗಳಕ್ಕೊಂದು ಸುತ್ತು ಹಾಕಿ ಬರುತ್ತಾಳೆ, ಬರಿಗೈಯಲ್ಲಿ. ಹೊಟ್ಟೆಕಿಚ್ಚಾಗುವುದಿಲ್ಲ ಅಂದರೆ ಸುಳ್ಳಾದೀತು. ಆದರೂ ಅವಳು ನಡು ಹಿಡಿದುಕೊಳ್ಳದೆ ಎದ್ದು ಹೋಗುವುದನ್ನು ದಿನಾ ಎಣಿಸುತ್ತೇನೆ. ಇವತ್ತು ಆಗಲೇ ಐದು ಸಲ ಆಯಿತು.